ಕೊಸರಿಲ್ಲದ ಊಟ

ಕಳೆದ ವರ್ಷ ದೀಪಾವಳಿ ಕಳೆದ ಮೊದಲ ಶನಿವಾರ ನಮ್ಮ ಮನೆಯಲ್ಲಿ ನಾಲ್ಕೈದು ಕನ್ನಡ ಕುಟುಂಬಗಳು ಸೇರಿದ್ದವು. ಸಿಂಗಾಪುರದ ಫ್ಲ್ಯಾಟಿನಲ್ಲಿ ಅಷ್ಟು ಜನ ಸೇರಿದರೆ ಎಲ್ಲರೂ ಹಾಲಿನಲ್ಲೇ ತಟ್ಟೆ ಹಿಡಿದು ನಿಲ್ಲಬೇಕು. ಒಬ್ಬರು ಆಡಿದ ಮಾತು ಎಲ್ಲರ ಕಿವಿಗೂ ಬೀಳುತ್ತದೆ. ಹಾಗೆ ನಿಂತಿದ್ದಾಗಲೇ ನನ್ನ ಹೆಂಡತಿ ಬಾಯಿ ತಪ್ಪಿ ಒಂದು ಗುಟ್ಟು ಬಿಟ್ಟುಕೊಟ್ಟಳು. ಮದುವೆಯ ಹದಿನೈದನೇ ವರ್ಷಕ್ಕೆಂದು ನಾವಿಬ್ಬರೂ ಸುಶಿ ತಿನ್ನಲು ಹೋಗಿದ್ದೆವು ಎನ್ನುವುದು ಗುಟ್ಟಾಗಿರಲಿಲ್ಲ. ಅದಕ್ಕೆ ತೆತ್ತ ಹಣ ಗುಟ್ಟಾಗಿತ್ತು.

ದಾವಣಗೆರೆಯ ನನ್ನ ಗೆಳೆಯ ತಿನ್ನುತ್ತಿದ್ದ ಪೂರಿಯನ್ನು ಅರ್ಧಕ್ಕೇ ನಿಲ್ಲಿಸಿದ. "ಸೆವೆನ್ ಹಂಡ್ರೆಡ್ ಸಿಕ್ಸ್ಟಿ ಸೆವೆನ್ ಡಾಲರ್ಸ್! ಅಲ್ಲಯ್ಯಾ, ಐವತ್ತು ಸಾವಿರ ರೂಪಾಯಿ ಆಯ್ತು. ಅದೂ ಬೇಯಿಸದ ಮೀನಿಗೆ! ನೀನು ಸಿ.ಎ. ಪಾಸಾಗಿದ್ದು ನಿಜಾನಾ?" ಎಲ್ಲರೂ ನಕ್ಕರು. ನಾನೂ ನಕ್ಕೆ. ಆತ ಬಿಡಲಿಲ್ಲ. "ಹೋಗ್ಲಿ, ಹೊಟ್ಟೆನಾದ್ರೂ ತುಂಬ್ತಾ?" ಎಂದ.

ಬಿ.ಕಾಂ. ಮುಗಿಸಿ, ಸಿ.ಎ. ಮಾಡಿ, ಇಪ್ಪತ್ತು ವರ್ಷಗಳಿಂದ ನಾನು ಅನ್ನ ತಿನ್ನುತ್ತಿರುವುದೇ "ಇದಕ್ಕೆ ಇಷ್ಟು ಯಾಕೆ?" ಎಂದು ಕೇಳುವುದರಿಂದ. ಬೇರೆಯವರ ಖರ್ಚಿಗೆ ಹಾಕುವ ಆ ಪ್ರಶ್ನೆಯನ್ನು ನನ್ನದೇ ಖರ್ಚಿಗೆ ಹಾಕಿದಾಗ ಉತ್ತರ ಸಿದ್ಧವಿರಲಿಲ್ಲ. ಅಂದಿನಿಂದ ಯೋಚಿಸಿದ್ದನ್ನು ಇಲ್ಲಿ ಲೆಕ್ಕ ಒಪ್ಪಿಸುವಂತೆ ಬರೆಯುತ್ತಿದ್ದೇನೆ.

ಮೊದಲು ಬಿಲ್ಲು. ತಲೆಗೆ 320 ಡಾಲರಿನಂತೆ ಇಬ್ಬರಿಗೆ 640. ಅದರ ಮೇಲೆ ಶೇಕಡಾ 10 ಸರ್ವಿಸ್ ಚಾರ್ಜು, 64. ಎರಡೂ ಸೇರಿದ 704ರ ಮೇಲೆ ಶೇಕಡಾ 9 ಜಿ.ಎಸ್.ಟಿ., 63 ಡಾಲರ್ 36 ಸೆಂಟು. ಒಟ್ಟು 767.36. ತಲಾ ಹದಿನೆಂಟು ಬಗೆ ತಿಂದಿದ್ದೆವು. ಅಂದರೆ ಒಂದೊಂದು ತುತ್ತಿಗೆ 21 ಡಾಲರಿಗೂ ಸ್ವಲ್ಪ ಹೆಚ್ಚು. ನಮ್ಮ ಮನೆಯ ಕೆಳಗಿನ ಹಾಕರ್ ಸೆಂಟರಿನಲ್ಲಿ ಅಷ್ಟು ಹಣಕ್ಕೆ ನಾಲ್ಕು ಜನ ಚಿಕನ್ ರೈಸ್ ತಿಂದು, ಮೇಲೆ ಕಾಫಿ ಕುಡಿದು ಬರಬಹುದು.

ಅಷ್ಟು ಹಣಕ್ಕೆ ಸಿಕ್ಕಿದ್ದೇನು? ಎಂಟೇ ಕುರ್ಚಿಗಳ ಒಂದು ಮರದ ಕಟ್ಟೆ. ಅದರ ಆಚೆ ಜಪಾನಿನಿಂದ ಬಂದ ಒಬ್ಬ ಬಾಣಸಿಗರು. ಮೆನು ಇಲ್ಲ. ಈ ಬಗೆಯ ಊಟಕ್ಕೆ ಒಮಕಾಸೆ ಎನ್ನುತ್ತಾರೆ. "ನಿಮಗೇ ಬಿಟ್ಟಿದ್ದೇನೆ" ಎಂದು ಅದರ ಅರ್ಥ. ಆ ದಿನ ಯಾವ ಮೀನು ಚೆನ್ನಾಗಿದೆಯೋ, ಯಾವುದರ ನಂತರ ಯಾವುದು ಬರಬೇಕೋ, ಎಲ್ಲ ಅವರದೇ ತೀರ್ಮಾನ. ವಿನಿಗರ್ ಬೆರೆಸಿದ ಅನ್ನ ಮೈಯ ಬಿಸಿಯಷ್ಟೇ ಬೆಚ್ಚಗೆ. ಅವರು ಕೈಯಲ್ಲಿ ಎರಡು ಮೂರು ಸಲ ಅದುಮಿ ಮುಂದಿಟ್ಟ ಉಂಡೆಯನ್ನು ಆಗಲೇ ಬಾಯಿಗೆ ಹಾಕಿಕೊಳ್ಳಬೇಕು. ಫೋಟೋ ತೆಗೆಯುತ್ತ ಕೂತರೆ ಅನ್ನ ಆರುತ್ತದೆ, ಅವರ ಮುಖವೂ ಬಾಡುತ್ತದೆ.

ನಾನು ಕುಂದಾಪುರದ ಕಡೆಯವನು. ಮೀನು ನನಗೆ ಹೊಸದಲ್ಲ, ಹಸಿ ಮೀನು ಹೊಸದು. ಹಾಗಾಗಿ ಸ್ವಲ್ಪ ಅಳುಕಿನಿಂದಲೇ ಕೂತಿದ್ದೆ. ಮೂರನೆಯದೋ ನಾಲ್ಕನೆಯದೋ ಆಗಿ ಬಂದದ್ದು ಕೊಹಾದ ಎಂಬ ಬೆಳ್ಳಿ ಮೈಯ ಸಣ್ಣ ಮೀನು. ಅದು ದುಬಾರಿ ಮೀನೇ ಅಲ್ಲ, ಆದರೆ ಕೆಲಸ ಬಹಳ ಎಂದು ಬಾಣಸಿಗರು ಹೇಳಿದರು. ಬಿಡಿಸಿ, ಉಪ್ಪು ಹಾಕಿ, ತೊಳೆದು, ವಿನಿಗರಿನಲ್ಲಿ ನೆನೆಸಿಡಬೇಕು. ಎಷ್ಟು ಹೊತ್ತು ಎನ್ನುವುದು ಆ ದಿನದ ಮೀನಿನ ದಪ್ಪ, ಕೊಬ್ಬು ನೋಡಿ ಕೈಗೆ ಗೊತ್ತಾಗಬೇಕು. ಸುಶಿ ಮಾಡುವವರ ಕೈಗುಣವನ್ನು ಕೊಹಾದದಲ್ಲೇ ಅಳೆಯುವುದು ರೂಢಿಯಂತೆ. ಅದರ ಹಿಂದೆಯೇ ಬಂದದ್ದು ಸಬಾ, ನಮ್ಮ ಬಂಗುಡೆಯ ಹತ್ತಿರದ ನೆಂಟ. ಅದಕ್ಕೂ ಹಾಗೆಯೇ ಉಪ್ಪು, ವಿನಿಗರು. ಬಾಯಿಗೆ ಹಾಕಿದೊಡನೆ ನನಗೆ ನೆನಪಾದದ್ದು ಟೋಕಿಯೋ ಅಲ್ಲ, ನಮ್ಮ ಮನೆಯ ಹಿತ್ತಿಲಿನಲ್ಲಿ ಉಪ್ಪು ಸವರಿಸಿಕೊಂಡು ಬಿಸಿಲಿಗೆ ಒಣಗುತ್ತಿದ್ದ ಬಂಗುಡೆ.

ಆ ನೆನಪು ತಪ್ಪೇನಲ್ಲ. ಇಂದು ನಾವು ತಿನ್ನುವ ಈ ಬಗೆಯ ಸುಶಿ 19ನೇ ಶತಮಾನದ ಆರಂಭದಲ್ಲಿ ಎದೋ ಪಟ್ಟಣದ, ಅಂದರೆ ಇಂದಿನ ಟೋಕಿಯೋದ, ಬೀದಿ ತಿಂಡಿ. ಗಾಡಿಯ ಮುಂದೆ ನಿಂತು, ಕೈಯಲ್ಲೇ ಹಿಡಿದು, ಕೆಲಸಕ್ಕೆ ಹೋಗುವ ಜನ ಗಬಗಬ ತಿನ್ನುತ್ತಿದ್ದದ್ದು. ಉಂಡೆಗಳು ಇಂದಿನವಕ್ಕಿಂತ ದೊಡ್ಡವಿದ್ದವು. ಮಂಜುಗಡ್ಡೆ ಇಲ್ಲದ ಕಾಲದಲ್ಲಿ ಮೀನು ಕೆಡದಿರಲಿ ಎಂದೇ ಉಪ್ಪು, ವಿನಿಗರು, ಸೋಯಾ ಸಾಸು. ಇಂದು ಎಲ್ಲಕ್ಕಿಂತ ದುಬಾರಿಯಾದ ಟ್ಯೂನಾದ ಕೊಬ್ಬಿನ ಹೊಟ್ಟೆಭಾಗ ಆಗ ಬೇಗ ಕೆಡುತ್ತದೆಂದು ಬಿಸಾಡುವ ವಸ್ತುವಾಗಿತ್ತು. ಶೈತ್ಯಾಗಾರ ಬಂತು, ರುಚಿ ಬದಲಾಯಿತು, ಬಿಸಾಡಿದ್ದಕ್ಕೇ ಬೆಲೆ ಬಂತು. 2019ರ ಜನವರಿಯಲ್ಲಿ ಟೋಕಿಯೋದ ತೊಯೊಸು ಮಾರುಕಟ್ಟೆಯ ಹೊಸ ವರ್ಷದ ಮೊದಲ ಹರಾಜಿನಲ್ಲಿ 278 ಕಿಲೋ ತೂಕದ ಒಂದೇ ಟ್ಯೂನಾ 33 ಕೋಟಿ 36 ಲಕ್ಷ ಯೆನ್‌ಗೆ ಹೋಯಿತು. ಕಿಲೋಗೆ 12 ಲಕ್ಷ ಯೆನ್. ಅದು ಮೀನಿನ ಬೆಲೆಯಲ್ಲ, ಜಾಹೀರಾತಿನ ಖರ್ಚು ಎಂದು ಯಾವ ಲೆಕ್ಕಿಗನಾದರೂ ಹೇಳಿಯಾನು. ಕೊಂಡವರು ಒಂದು ಸುಶಿ ಹೋಟೆಲುಗಳ ಸರಣಿಯ ಒಡೆಯರು. ಮರುದಿನ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅವರ ಫೋಟೋ ಇತ್ತು.

ಹಾಗಾದರೆ ನಾನು ಕೊಟ್ಟ 320ರಲ್ಲಿ ಎಷ್ಟು ಮೀನು, ಎಷ್ಟು ಜಾಹೀರಾತು? ಕೂತಲ್ಲೇ ನನ್ನ ತಲೆ ಲೆಕ್ಕ ಹಾಕುತ್ತಿತ್ತು. ಎಂಟು ಕುರ್ಚಿ, ರಾತ್ರಿಗೆ ಎರಡು ಪಂಕ್ತಿ, ಒಂದು ಕುರ್ಚಿಯೂ ಖಾಲಿ ಉಳಿಯದಿದ್ದರೆ 16 ಜನ, ತೆರಿಗೆ ಬಿಟ್ಟು 5,120 ಡಾಲರ್. ಇದರಲ್ಲಿ ಜಪಾನಿನಿಂದ ವಿಮಾನದಲ್ಲಿ ಬರುವ ಮೀನು, ಪೇಟೆ ನಡುವಿನ ಬಾಡಿಗೆ, ಬಾಣಸಿಗರು, ಅವರ ಕೈಕೆಳಗಿನ ಇಬ್ಬರು, ಬಡಿಸುವವರು ಎಲ್ಲ ನಡೆಯಬೇಕು. ಇಂದು ಉಳಿದ ಮೀನನ್ನು ನಾಳೆಗೆ ಇಡುವಂತಿಲ್ಲ. ಕೊನೆಯ ಗಳಿಗೆಯಲ್ಲಿ ಇಬ್ಬರು ಬರಲಿಲ್ಲವೆಂದರೆ ಆ ದಿನದ ಲಾಭ ಹೋಯಿತು. ನಾನು ಅಂದುಕೊಂಡಷ್ಟು ಕೊಳ್ಳೆ ಅದರಲ್ಲಿ ಇರಲಿಲ್ಲ.

ಕೈಕೆಳಗಿನ ಆ ಇಬ್ಬರು ಹುಡುಗರನ್ನು ನೋಡುತ್ತಿದ್ದಾಗ ನನ್ನ ಆರ್ಟಿಕಲ್‌ಶಿಪ್ಪಿನ ದಿನಗಳು ನೆನಪಾದವು. ಒಬ್ಬ ಅನ್ನದ ಬೋಗುಣಿ ತರುವುದು, ಕಟ್ಟೆ ಒರೆಸುವುದು ಬಿಟ್ಟರೆ ಬೇರೇನೂ ಮಾಡಲಿಲ್ಲ. ಆದರೆ ಅವನ ಕಣ್ಣು ಮಾತ್ರ ಗುರುವಿನ ಕೈಯ ಮೇಲೇ ಇತ್ತು. ಸುಶಿಯಲ್ಲಿ ಅಕ್ಕಿ ತೊಳೆಯುವುದರಿಂದ ಶುರುಮಾಡಿ ಮೀನಿಗೆ ಚಾಕು ಹಾಕುವ ಹೊತ್ತಿಗೆ ವರ್ಷಗಳೇ ಕಳೆಯುತ್ತವೆ. ನಾನೂ ಮೂರು ವರ್ಷ ಬಸ್ಸಿಗೂ ಊಟಕ್ಕೂ ಸಾಲದ ಸ್ಟೈಪೆಂಡಿಗೆ ವೋಚರುಗಳಿಗೆ ಟಿಕ್ ಹಾಕಿದವನು. ಇಂದು ನಾನು ಒಂದು ಗಂಟೆಯ ಸಲಹೆಗೆ ಹಾಕುವ ಬಿಲ್ಲು ನೋಡಿ ಕಕ್ಷಿದಾರರು ಹುಬ್ಬೇರಿಸಿದರೆ, ಆ ಒಂದು ಗಂಟೆಯ ಹಿಂದೆ ಇಪ್ಪತ್ತು ವರ್ಷ ಇದೆ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತೇನೆ. ನನಗೆ ಸಲ್ಲುವ ವಾದ ಆ ಕೊಹಾದಕ್ಕೂ ಸಲ್ಲಬೇಕಲ್ಲ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಬೆಲೆ ಯಾಕೆ ಅಷ್ಟಾಯಿತು ಎಂದು ವಿವರಿಸಿದ ಮಾತ್ರಕ್ಕೆ ಅದು ಅಷ್ಟಕ್ಕೆ ಬಾಳುತ್ತದೆ ಎಂದಾಗುವುದಿಲ್ಲ. ನೀರಿಲ್ಲದೆ ಬದುಕಿಲ್ಲ, ಅದಕ್ಕೆ ಬೆಲೆಯೇ ಇಲ್ಲ. ವಜ್ರದಿಂದ ಉಪಯೋಗವಿಲ್ಲ, ಅದಕ್ಕೆ ಬೆಲೆಯೋ ಬೆಲೆ ಎಂದು ಆಡಂ ಸ್ಮಿತ್ 1776ರಲ್ಲೇ ತಲೆ ಕೆರೆದುಕೊಂಡಿದ್ದರು. ನಮ್ಮ ಸಿಂಗಾಪುರದಲ್ಲೇ 2016ರಲ್ಲಿ ಚೈನಾಟೌನಿನ ಒಂದು ಹಾಕರ್ ಅಂಗಡಿಗೆ ಮಿಶೆಲಿನ್ ಕೈಪಿಡಿಯ ಒಂದು ತಾರೆ ಸಿಕ್ಕಿತು. ಸುಮಾರು ಎರಡು ಡಾಲರಿನ ಸೋಯಾ ಸಾಸ್ ಚಿಕನ್ ರೈಸಿಗೆ. ಅದೇ ಕೈಪಿಡಿ ನೂರಾರು ಡಾಲರಿನ ಊಟಕ್ಕೂ ತಾರೆ ಕೊಡುತ್ತದೆ. ರುಚಿಯೂ ಬೆಲೆಯೂ ಕೈಕೈ ಹಿಡಿದು ನಡೆಯುವುದಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ ಅಂದು ಸುಖ ಸಿಕ್ಕಿದ್ದು ನಿಜ. ಎರಡು ಗಂಟೆ ನಾನೂ ಹೆಂಡತಿಯೂ ಫೋನ್ ಮುಟ್ಟಲಿಲ್ಲ. ಒಂದೊಂದು ತುತ್ತಿನ ಮುಂದೆ ಇಬ್ಬರೂ ಮಕ್ಕಳ ಹಾಗೆ ಕಾದು ಕೂತಿದ್ದೆವು. ಹದಿನೈದು ವರ್ಷದಲ್ಲಿ ಅಂಥ ಎರಡು ಗಂಟೆ ಎಷ್ಟು ಸಿಕ್ಕಿವೆ ಎಂದು ಬೆರಳಿನಲ್ಲಿ ಎಣಿಸಬಹುದು.

ಆ ರಾತ್ರಿ ಬಾಲ್ಕನಿಯಲ್ಲಿ ಗೆಳೆಯನಿಗೆ ಇದನ್ನೆಲ್ಲ ಹೇಳಿದೆ. ಅವನು ತಲೆಯಾಡಿಸಿದ. "ಎಲ್ಲಾ ಸರಿ ಕಣಯ್ಯಾ. ಆದ್ರೆ ಆ ದುಡ್ಡಲ್ಲಿ ನಮ್ಮೂರ ಶಾಲೆಯ ಎಷ್ಟು ಮಕ್ಕಳ ಫೀಸು ಕಟ್ಟಬಹುದಿತ್ತು?" ಎಂದ. ಇದು ಹಳೆಯ ಪ್ರಶ್ನೆ. ಪೀಟರ್ ಸಿಂಗರ್ ಎಂಬ ಆಸ್ಟ್ರೇಲಿಯದ ತತ್ತ್ವಜ್ಞಾನಿ 1972ರಲ್ಲಿ, ಪೂರ್ವ ಬಂಗಾಳದ ನಿರಾಶ್ರಿತರು ಹಸಿವಿನಿಂದ ಸಾಯುತ್ತಿದ್ದ ಹಿನ್ನೆಲೆಯಲ್ಲಿ, ಇದನ್ನೇ ಕೇಳಿದರು. ದಾರಿಯ ಬದಿಯ ಕೊಳದಲ್ಲಿ ಮಗು ಮುಳುಗುತ್ತಿದ್ದರೆ ಬಟ್ಟೆ ಕೊಳೆಯಾದೀತೆಂದು ನೀವು ಸುಮ್ಮನೆ ನಿಲ್ಲುತ್ತೀರಾ? ಇಲ್ಲವಾದರೆ, ದೂರದೇಶದ ಮಗು ಎನ್ನುವ ಕಾರಣಕ್ಕೆ ಯಾಕೆ ಸುಮ್ಮನಿರುತ್ತೀರಿ?

ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಆದರೆ ಅನುಭವದ ಒಂದು ಮಾತಿದೆ. ಈ ಪ್ರಶ್ನೆ ಸುಶಿಗೆ ಮಾತ್ರ ನಿಲ್ಲುವುದಿಲ್ಲ. ವರ್ಷಕ್ಕೆರಡು ಸಲ ಊರಿಗೆ ಹೋಗುವ ವಿಮಾನದ ಟಿಕೆಟ್ಟಿಗೂ, ಮಗಳ ಪಿಯಾನೋ ಪಾಠಕ್ಕೂ, ಗೆಳೆಯನ ಹೊಸ ಕಾರಿಗೂ ತಾಗುತ್ತದೆ. ಎಲ್ಲಕ್ಕೂ ತಾಗುವ ಪ್ರಶ್ನೆಯಿಂದ ನುಣುಚಿಕೊಳ್ಳುವುದು ಸುಲಭ. ವರ್ಷಾಂತ್ಯಕ್ಕೆ ಒಂದಿಷ್ಟು ದೇಣಿಗೆ ಕೊಟ್ಟು, ತೆರಿಗೆ ವಿನಾಯಿತಿಯ ರಸೀದಿ ಫೈಲಿಗೆ ಸೇರಿಸಿ ನಾವು ನುಣುಚಿಕೊಳ್ಳುತ್ತೇವೆ. ನನ್ನನ್ನು ಬಿಡದೆ ಹಿಡಿದದ್ದು ದೂರದ ಕೊಳವಲ್ಲ, ನನ್ನ ಅಡುಗೆಮನೆ.

ಅಂದು ಗೆಳೆಯ "ಸೆವೆನ್ ಹಂಡ್ರೆಡ್ ಸಿಕ್ಸ್ಟಿ ಸೆವೆನ್" ಎಂದು ಕೂಗಿದಾಗ ನಮ್ಮ ಮನೆಯ ಸಹಾಯಕಿ ಖಾಲಿ ತಟ್ಟೆಗಳನ್ನು ಒಟ್ಟುಮಾಡುತ್ತ ಪಕ್ಕದಲ್ಲೇ ಇದ್ದಳು. ನಾವು ಕನ್ನಡಿಗರು ಎಷ್ಟೇ ಕನ್ನಡ ಮಾತಾಡಿದರೂ ಸಂಖ್ಯೆ ಬಂದಾಗ ಇಂಗ್ಲಿಷಿಗೆ ಜಾರುತ್ತೇವೆ. ಆಕೆಗೆ ಕನ್ನಡ ಬಾರದು, ಅಂಕಿ ಬರುತ್ತದೆ. ಒಂದು ಕ್ಷಣ ನನ್ನನ್ನು ನೋಡಿ, ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆಕೆ ಇಂಡೋನೇಷ್ಯಾದ ಜಾವಾದವಳು, ಕಡಲ ದಂಡೆಯ ಹಳ್ಳಿಯವಳು. ನಾಲ್ಕು ವರ್ಷದಿಂದ ನಮ್ಮಲ್ಲಿದ್ದಾಳೆ. ಮಗಳು ಆಕೆಯನ್ನು ಅಕ್ಕ ಎಂಬ ಅರ್ಥದಲ್ಲಿ ಕಕಾಕ್ ಎಂದು ಕರೆಯುತ್ತಾಳೆ. ಆಕೆಯ ಮಗನೊಬ್ಬ ಊರಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿದ್ದಾನೆ. ಸೆಪ್ಟೆಂಬರಿನಲ್ಲಿ ಮತ್ತೆರಡು ವರ್ಷಕ್ಕೆ ಒಪ್ಪಂದ ನವೀಕರಿಸುವಾಗ, 650 ಇದ್ದ ಸಂಬಳವನ್ನು "ಸರ್, ಸೆವೆನ್ ಹಂಡ್ರೆಡ್ ಕ್ಯಾನ್?" ಎಂದು ಕೇಳಿದಳು. ನಾನು ಎರಡು ದಿನ ತೆಗೆದುಕೊಂಡೆ. ಏಜೆನ್ಸಿಗಳ ದರ ನೋಡಿದೆ. ಸರ್ಕಾರಕ್ಕೆ ಕಟ್ಟುವ ಲೆವಿ, ವಿಮೆ, ಊಟ, ಊರಿಗೆ ಹೋಗಿಬರುವ ಟಿಕೆಟ್ಟು ಎಲ್ಲ ಸೇರಿಸಿ ಒಂದು ಶೀಟು ಮಾಡಿದೆ. 680 ಎಂದೆ. "ಓಕೆ ಸರ್" ಎಂದಳು. ಇಪ್ಪತ್ತು ಡಾಲರ್, ಇಪ್ಪತ್ತನಾಲ್ಕು ತಿಂಗಳು, 480 ಡಾಲರ್ ಉಳಿಸಿದೆ ಎಂದು ನನಗೆ ಸಣ್ಣದೊಂದು ತೃಪ್ತಿಯೂ ಆಯಿತು.

ಸುಶಿ ತಿನ್ನಲು ಹೋದದ್ದು ಅದಾಗಿ ಹತ್ತು ದಿನಕ್ಕೆ. ಅಲ್ಲಿ ನಾನು ಯಾವ ಶೀಟೂ ಮಾಡಲಿಲ್ಲ. "ನಿಮಗೇ ಬಿಟ್ಟಿದ್ದೇನೆ" ಎಂದು ಕೂತೆ, ಕಾರ್ಡು ಕೊಟ್ಟೆ, ತಲೆ ಬಾಗಿಸಿ ಥ್ಯಾಂಕ್ಸ್ ಹೇಳಿ ಬಂದೆ. ಒಂದು ರಾತ್ರಿಯ ಊಟಕ್ಕೆ ಹೋದದ್ದು, ಆ ರಾತ್ರಿ ನನ್ನ ಮಗಳನ್ನು ನೋಡಿಕೊಂಡವಳ ಒಂದು ತಿಂಗಳ ಸಂಬಳಕ್ಕಿಂತ 87 ಡಾಲರ್ ಹೆಚ್ಚು.

ಗೆಳೆಯನಿಗೆ ಹೇಳದೇ ಉಳಿಸಿಕೊಂಡ ಇನ್ನೊಂದು ಸಂಗತಿಯೂ ಇದೆ. ಆ ರಾತ್ರಿ ಮನೆ ಸೇರಿದಾಗ ಹತ್ತೂವರೆ. ಮಗಳು ಮಲಗಿದ್ದಳು. ಅಡುಗೆಮನೆಯಲ್ಲಿ ತಟ್ಟೆಯೊಂದನ್ನು ಮುಚ್ಚಿಟ್ಟಿತ್ತು. ಒಳಗೆ ಅರಿಶಿನ, ಬೆಳ್ಳುಳ್ಳಿ, ಕೊತ್ತಂಬರಿ ಸವರಿ ಹುರಿದ ಎರಡು ಇಕಾನ್ ಕೆಂಬುಂಗ್. ಮಲಯದಲ್ಲಿ ಕೆಂಬುಂಗ್ ಎಂದರೆ ನಮ್ಮ ಬಂಗುಡೆಯೇ. ಇಲ್ಲಿನ ಮಾರುಕಟ್ಟೆಯಲ್ಲಿ ಸಿಗುವ ಅಗ್ಗದ ಮೀನುಗಳಲ್ಲಿ ಒಂದು. "ಜಪಾನೀಸ್ ಫುಡ್ ಸ್ಮಾಲ್ ಸ್ಮಾಲ್. ಐ ಥಿಂಕ್ ಸರ್ ಹಂಗ್ರಿ" ಎಂದಳು. ನಿಜ ಹೇಳಬೇಕೆಂದರೆ ಹಸಿವಾಗಿತ್ತು. ಎರಡನ್ನೂ ಅನ್ನದ ಜೊತೆ ನಿಂತಲ್ಲೇ ತಿಂದೆ.

ನನಗೆ ಅಮ್ಮ ನೆನಪಾದಳು. ನಾನು ಚಿಕ್ಕವನಿದ್ದಾಗ ಗಂಗೊಳ್ಳಿಯಿಂದ ಬುಟ್ಟಿ ಹೊತ್ತು ಮೀನು ತರುವ ಒಬ್ಬಳು ಬರುತ್ತಿದ್ದಳು. ಗಂಗೊಳ್ಳಿ ಅಕ್ಕ ಎಂದೇ ನಾವೆಲ್ಲ ಕರೆಯುತ್ತಿದ್ದದ್ದು. ಜಗಲಿಯಲ್ಲಿ ಬುಟ್ಟಿ ಇಳಿಸಿದ ಕೂಡಲೇ ಅಮ್ಮ ಮೊದಲು ಬೆಲ್ಲ, ನೀರು ತಂದಿಡುತ್ತಿದ್ದಳು. ಆಮೇಲೆ ಜಗಳ. ಹತ್ತು ರೂಪಾಯಿಗೆ ಎಂಟು ಬಂಗುಡೆ ಎಂದರೆ ಅಮ್ಮ ಹತ್ತು ಕೇಳುವುದು, ಅಕ್ಕ ಬುಟ್ಟಿ ಎತ್ತಿದಂತೆ ಮಾಡುವುದು, ಕೊನೆಗೆ ಒಂಬತ್ತಕ್ಕೆ ಇತ್ಯರ್ಥ. ಇತ್ಯರ್ಥವಾದ ಮೇಲೆ ಆಕೆ ಬುಟ್ಟಿಯಿಂದ ಇನ್ನೊಂದು ಸಣ್ಣ ಮೀನು ತೆಗೆದು ಪಾತ್ರೆಗೆ ಹಾಕುತ್ತಿದ್ದಳು. ಅದು ಕೊಸರು. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯದ ದಿನಗಳಲ್ಲಿ ಅದೇ ಅಕ್ಕ ಒಣಮೀನಿನ ಸಣ್ಣ ಗಂಟು ಹಿಡಿದು ಬಂದರೆ ಅಮ್ಮ ಎಣಿಸದೆ, ಕೇಳದೆ ಅಕ್ಕಿ ಅಳೆದು ಕೊಡುತ್ತಿದ್ದಳು. ಅದೂ ಕೊಸರೇ.

ಆ ಕಾಲ ನ್ಯಾಯದ ಕಾಲವಾಗಿತ್ತು ಎಂದು ನಾನು ಹೇಳುತ್ತಿಲ್ಲ. ಬುಟ್ಟಿ ಹೊತ್ತು ಹೊತ್ತು ಆಕೆಯ ಕುತ್ತಿಗೆ ಕುಸಿದದ್ದನ್ನೂ ಕಂಡಿದ್ದೇನೆ. ಅಮ್ಮ ಒಂಬತ್ತಕ್ಕೆ ಇಳಿಸಿದ ಆ ಒಂದು ಮೀನು ಯಾರ ತಟ್ಟೆಯಿಂದ ಬಂತೆಂದು ಈಗ ಅನಿಸುತ್ತದೆ. ಆದರೆ ಆ ವ್ಯಾಪಾರದಲ್ಲಿ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಲೆಕ್ಕ ಮುಗಿದ ಮೇಲೂ ಕೊಡುವುದಕ್ಕೆ ಏನೋ ಒಂದಿಷ್ಟು ಉಳಿದಿರುತ್ತಿತ್ತು. ನಾನು ಮಾಡಿದ ಶೀಟಿನಲ್ಲಿ ಕೊಸರಿಗೆ ಕಾಲಮ್ಮೇ ಇರಲಿಲ್ಲ. 767 ಡಾಲರಿನ ಬಿಲ್ಲಿನಲ್ಲೂ ಇರಲಿಲ್ಲ. ಅಂದು ರಾತ್ರಿ ಕೊಸರು ಕೊಟ್ಟವಳು, ನಾನು ಇಪ್ಪತ್ತು ಡಾಲರ್ ಹಿಡಿದಿಟ್ಟುಕೊಂಡಿದ್ದವಳು.

ಹಾಗಾಗಿ ದುಬಾರಿ ಸುಶಿ ಆ ಬೆಲೆಗೆ ಬಾಳುತ್ತದೆಯೇ ಎಂಬ ಪ್ರಶ್ನೆಯನ್ನು ಅದೊಂದನ್ನೇ ಎದುರಿಗಿಟ್ಟುಕೊಂಡು ಉತ್ತರಿಸಲು ನನಗೆ ಆಗಲಿಲ್ಲ. ಒಂದು ವೋಚರನ್ನು ಮಾತ್ರ ನೋಡಿ ಯಾವ ಆಡಿಟರೂ ಅಭಿಪ್ರಾಯ ಬರೆಯುವುದಿಲ್ಲ. ಇಡೀ ಪುಸ್ತಕ ನೋಡಬೇಕು. ನಾನು ಎಲ್ಲಿ ಚೌಕಾಸಿ ಮಾಡದೆ ಕೊಟ್ಟೆ, ಎಲ್ಲಿ ಚೌಕಾಸಿ ಮಾಡಿದೆ? ಎದುರಿಗಿದ್ದವರು ಇಲ್ಲ ಎಂದು ಎದ್ದು ಹೋಗಬಲ್ಲವರಾಗಿದ್ದಾಗ ಉದಾರಿ, "ಓಕೆ ಸರ್" ಎನ್ನದೆ ಬೇರೆ ದಾರಿಯಿಲ್ಲದವರಾಗಿದ್ದಾಗ ಲೆಕ್ಕಿಗ. ಹಾಗಿದ್ದರೆ ದೋಷ ಇರುವುದು ಸುಶಿಯಲ್ಲಲ್ಲ. ಸುಶಿ ಅದನ್ನು ತೋರಿಸಿಕೊಟ್ಟಿತು, ಅಷ್ಟೇ.

ದೀಪಾವಳಿಯ ನೆಂಟರೆಲ್ಲ ಹೋದ ಮೇಲೆ ಹೆಂಡತಿಗೆ ಹೇಳಿದೆ, ಸಂಬಳ ಏರಿಸೋಣ ಎಂದು. ಅವಳು ಪಾತ್ರೆ ಒರೆಸುತ್ತ ಕೇಳಿದಳು: "ಸುಶಿ ತಿಂದ ಪಾಪಕ್ಕೆ ಪ್ರಾಯಶ್ಚಿತ್ತ ಅಂತ ಕೊಡೋದಾದ್ರೆ ಬೇಡ. ಮುಂದಿನ ತಿಂಗಳು ನಿಮಗೆ ಮರೆತುಹೋಗುತ್ತೆ. ಅವಳ ಕೆಲಸಕ್ಕೆ ಅಷ್ಟು ಬಾಳುತ್ತೆ ಅನ್ಸಿದ್ರೆ ಕೊಡಿ, ಒಪ್ಪಂದದ ದಿನದಿಂದ ಸೇರಿಸಿ ಕೊಡಿ." 720 ಎಂದು ತೀರ್ಮಾನಿಸಿದೆವು, ಹಿಂದಿನ ಬಾಕಿ ಸಹಿತ. ಆಕೆ ಲಕೋಟೆ ಎಣಿಸಿ, ಅನುಮಾನದಿಂದ "ವೈ, ಸರ್?" ಎಂದಳು. ತತ್ತ್ವಶಾಸ್ತ್ರ ಹೇಳುವ ಧೈರ್ಯ ಬರಲಿಲ್ಲ. "ಕರೆಕ್ಷನ್. ಮೈ ಮಿಸ್ಟೇಕ್" ಎಂದೆ. ನಮ್ಮ ವೃತ್ತಿಯಲ್ಲಿ ಹಿಂದಿನ ಅವಧಿಯ ತಪ್ಪನ್ನು ಹಾಗೆಯೇ ಸರಿಪಡಿಸುತ್ತೇವೆ. ಇದರಿಂದ ಆಕೆಯ ಬದುಕು ಬದಲಾಯಿತು ಎಂದು ನಾನು ನಂಬಿಲ್ಲ. ಆಕೆಯ ಮಗ ಈಗಲೂ ಅಜ್ಜಿಯ ಹತ್ತಿರವೇ ಇದ್ದಾನೆ. ನಾನು ಈಗಲೂ ಸರ್ರೇ.

ಮುಂದೆ ಸುಶಿ ತಿನ್ನಲು ಹೋಗುತ್ತೀಯಾ ಎಂದರೆ, ಹೌದು, ಇಪ್ಪತ್ತನೇ ವರ್ಷಕ್ಕೆ ಹೋಗುವ ಆಸೆ ಇದೆ. ಆ ಕೊಹಾದ, ಆ ಎರಡು ಗಂಟೆ ನನಗೆ ಬೇಕು. ಆದರೆ ಮೇಜು ಕಾಯ್ದಿರಿಸುವ ಮುನ್ನ ಆ ವರ್ಷ ಯಾರ ಹತ್ತಿರ ಎಷ್ಟು ಚೌಕಾಸಿ ಮಾಡಿದ್ದೇನೆ ಎಂದು ಒಮ್ಮೆ ಪುಸ್ತಕ ತೆಗೆದು ನೋಡುವೆನೆಂದು ಅಂದುಕೊಂಡಿದ್ದೇನೆ. ಆಡಿಟರ ಭಾಷೆಯಲ್ಲಿ ಇದು ಷರತ್ತಿನ ಮೇಲಿನ ಒಪ್ಪಿಗೆ.

ಅಮ್ಮನಿಗೆ ಫೋನಿನಲ್ಲಿ ಸುಶಿಯ ಸುದ್ದಿ ಹೇಳಿದ್ದೆ, ಬೆಲೆ ಹೇಳದೆ. "ಹಸಿ ಮೀನ್ ತಿಂಬುಕೆ ದುಡ್ಡ್ ಕೊಟ್ಯಾ? ಮಂಡಿ ಸಮ ಇತ್ತಾ ನಿಂಗೆ?" ಎಂದು ನಕ್ಕಳು. ಹುರಿದ ಬಂಗುಡೆಯ ಸುದ್ದಿಯನ್ನೂ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹುಡುಗಿಯ ಮಗನಿಗೆ ಎಷ್ಟು ವರ್ಷ ಎಂದು ಕೇಳಿದಳು. ನಾಲ್ಕು ವರ್ಷದಲ್ಲಿ ನಾನು ಒಮ್ಮೆಯೂ ಅದನ್ನು ಕೇಳಿರಲಿಲ್ಲ.